ಸೈಕಲ್ ಹ್ಯಾಂಡಲ್: ಮೊದಲು ಅಳತೆ, ಆಮೇಲೆ ಅಂಗಡಿ

ಸೈಕಲ್ ಹ್ಯಾಂಡಲ್ ಬದಲಿಸಬೇಕು ಅಂತ ಅನ್ನಿಸಿದ ದಿನವೇ ಅಂಗಡಿಗೆ ಹೋಗಬೇಡಿ. ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಬೆರಳಗಲದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ಜೊತೆಗೆ ಒಂದು ಸ್ಕೇಲು, ಒಂದು ಪೆನ್ನು. ಅರ್ಧ ಕೆಲಸ ಆ ಪಟ್ಟಿಯಲ್ಲೇ ಆಗಿಹೋಗುತ್ತದೆ.

ನಾನು ಇದನ್ನು ಬಿದ್ದು ಕಲಿತೆ. ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಕೆಆರ್‌ಎಸ್ ಕಡೆಗೆ ವಾರಕ್ಕೆ ಎರಡು ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೆ. ವಾಪಸ್ ಬರುವಷ್ಟರಲ್ಲಿ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಯುತ್ತಿದ್ದವು. ಹ್ಯಾಂಡಲ್ಲೇ ಸರಿಯಿಲ್ಲ ಅಂದುಕೊಂಡೆ. ತುದಿ ಸ್ವಲ್ಪ ಮೇಲೆದ್ದು ಹಿಂದಕ್ಕೆ ಬಾಗಿದ್ದ ಒಂದು ಹ್ಯಾಂಡಲ್ ಅಂಗಡಿಯಲ್ಲಿ ಕಣ್ಣಿಗೆ ಬಿತ್ತು, ಕೊಂಡುಬಿಟ್ಟೆ. ನನ್ನ ಸೈಕಲ್ಲಿನಲ್ಲಿ ಹ್ಯಾಂಡಲನ್ನು ಕಚ್ಚಿ ಹಿಡಿಯುವ ಜಾಗದಲ್ಲಿ ಅದು ಸಡಿಲವಾಗಿ ಅಲ್ಲಾಡುತ್ತಿತ್ತು. ‘ತಗಡು ಸುತ್ತಿ ಬಿಗಿ ಮಾಡಿದ್ರೆ ಆಯ್ತು ಬಿಡಿ ಸಾರ್’ ಅಂದರು ಅಂಗಡಿಯವರು. ನಾನೂ ಹೂಂ ಅಂದೆ. ಮೂರನೇ ದಿನ ಒಂದು ಹಂಪ್ ಮೇಲೆ ಚಕ್ರ ಎಗರಿ ಇಳಿಯುವಾಗ ಹ್ಯಾಂಡಲ್ ಗರಕ್ಕನೆ ಕೆಳಕ್ಕೆ ತಿರುಗಿತು. ನನ್ನ ಭಾರವೆಲ್ಲ ಅದರ ಮೇಲೇ ಇತ್ತು. ಗದ್ದ, ಮೊಣಕಾಲು ಎರಡೂ ತರಚಿದವು. ಹಿಂದೆ ಬಸ್ಸೊಂದು ಬರುತ್ತಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಬೆರಳು ಜೋಮು ಹಿಡಿಯಲು ಹ್ಯಾಂಡಲ್ ಕಾರಣವೇ ಅಲ್ಲ ಅಂತ ಗೊತ್ತಾದದ್ದು ಗಾಯ ಒಣಗಿದ ಮೇಲೆ. ಅದಕ್ಕೇ ಈ ಲೇಖನ ಸೀಟಿನಿಂದ ಶುರುವಾಗುತ್ತದೆ.

ಬದಲಿಸುವ ಮುಂಚೆ ಹೊಂದಿಸಿ ನೋಡಿ

ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತಿರುತ್ತದೆ. ಜಾರದಂತೆ ತಡೆಯುವ ಕೆಲಸ ಅಂಗೈ ಮೇಲೆ ಬೀಳುತ್ತದೆ. ಅಂಗೈ ಬುಡದಲ್ಲಿ, ಕಿರುಬೆರಳಿನ ಬದಿಗೆ ಒಂದು ನರ ಹಾಯುತ್ತದೆ. ಅದು ಅದುಮಿದಾಗ ಜೋಮು ಹಿಡಿಯುವುದು ಆ ಎರಡು ಬೆರಳಿಗೇ. ಸೈಕಲ್ಲನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಸೀಟಿನ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಪಕ್ಕದಿಂದ ನೋಡಿ. ಪುಸ್ತಕ ನೆಲಕ್ಕೆ ಸಮವಾಗಿರಬೇಕು. ಮುಂದೆ ಬಾಗಿದ್ದರೆ ಸೀಟಿನ ಕೆಳಗಿನ ಬೋಲ್ಟ್ ಸಡಿಲಿಸಿ, ಸಮ ಮಾಡಿ, ಬಿಗಿ ಮಾಡಿ. ಒಂದು ವಾರ ಓಡಿಸಿ ನೋಡಿ. ನನ್ನ ಸೈಕಲ್ಲಿಗೆ ಬೇಕಾಗಿದ್ದದ್ದು ಇಷ್ಟೇ.

ಎರಡನೆಯದು ಬ್ರೇಕ್ ಲಿವರಿನ ಕೋನ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕೂತು ಕಣ್ಣು ಮುಚ್ಚಿ, ಕೈ ಗ್ರಿಪ್ ಮೇಲಿಟ್ಟು ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಇರಬೇಕು. ಚಾಚಿದ ಬೆರಳು ತಾನಾಗಿ ಲಿವರ್ ಮೇಲೆ ಬೀಳಬೇಕು. ಲಿವರ್ ತೀರಾ ಮೇಲಿದ್ದರೆ ಪ್ರತಿ ಸಲ ಬ್ರೇಕ್ ಹಿಡಿಯುವಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಲಿವರನ್ನು ಹ್ಯಾಂಡಲ್ಲಿಗೆ ಹಿಡಿದಿರುವ ಬೋಲ್ಟ್ ಸಾಮಾನ್ಯವಾಗಿ 4 ಅಥವಾ 5 ಮಿಲಿಮೀಟರ್ ಅಲೆನ್ ಕೀಗೆ (ಎಲ್ ಆಕಾರದ ಆರು ಮೂಲೆಯ ಕಡ್ಡಿಗೆ) ತಿರುಗುತ್ತದೆ. ಸ್ವಲ್ಪ ಸಡಿಲಿಸಿ, ಲಿವರ್ ತಿರುಗಿಸಿ, ಮತ್ತೆ ಬಿಗಿ ಮಾಡಿ. ಇಲ್ಲಿ ತೀರಾ ಬಿಗಿ ಬೇಡ. ಬ್ರೇಕ್ ಹಿಡಿದಾಗ ಅಲುಗಬಾರದು, ಆದರೆ ಸೈಕಲ್ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳಬೇಕು. ಅಷ್ಟು ಬಿಗಿ ಸಾಕು.

ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುವುದುಂಟು. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಕೈಗೆ ಹತ್ತಿರ ಬರುತ್ತದೆ. ಬೆರಳು ಚಿಕ್ಕದಿರುವವರಿಗೆ, ಮಕ್ಕಳಿಗೆ ಇದು ದೊಡ್ಡ ಉಪಕಾರ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಮಂಡ್ಯದ ಹಳ್ಳಿಗಳಲ್ಲಿ ಆ ಸೈಕಲ್ಲುಗಳು ಇನ್ನೂ ಜಗಲಿ ಪಕ್ಕ ನಿಂತಿರುತ್ತವೆ. ಅಕ್ಕ ತುಳಿದದ್ದು ತಮ್ಮನಿಗೆ, ತಮ್ಮ ಬಿಟ್ಟದ್ದು ಅಮ್ಮನಿಗೆ ಹೋಗಿದೆ. ಓಡಿಸುವವರು ಬದಲಾದರೂ ಹ್ಯಾಂಡಲ್ ಮಾತ್ರ ಮೊದಲ ದಿನ ಇದ್ದ ಎತ್ತರದಲ್ಲೇ ಇರುತ್ತದೆ. ಹತ್ತು ನಿಮಿಷದ ಕೆಲಸ. ಮನೆಗೆ ಹೋದಾಗ ಒಂದು ಸಲ ಮಾಡಿಕೊಡಿ.

ಎತ್ತರ ಎಷ್ಟಿರಬೇಕು? ಊರೊಳಗೆ ಓಡಾಡುವವರಿಗೆ, ಸೊಂಟ ಕುತ್ತಿಗೆ ನೋವಿರುವವರಿಗೆ ಗ್ರಿಪ್ ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಇದ್ದರೆ ಹಿತ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಓಡಿಸಿದವರಿಗೆ ನೆಟ್ಟಗೆ ಕೂರುವ ಆ ಭಂಗಿ ಗೊತ್ತಿರುತ್ತದೆ. ಜಾಸ್ತಿ ದೂರ, ಜಾಸ್ತಿ ವೇಗ ಬೇಕಾದವರು ಸ್ವಲ್ಪ ತಗ್ಗಿಸಿಕೊಳ್ಳಬಹುದು. ಒಂದು ಸಲಕ್ಕೆ ಒಂದು ಸೆಂಟಿಮೀಟರ್ ಮಾತ್ರ ಬದಲಿಸಿ, ಎರಡು ಮೂರು ದಿನ ಓಡಿಸಿ ನೋಡಿ. ಸೀಟು, ಎತ್ತರ, ಕೋನ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ.

ಕಾಗದದ ಪಟ್ಟಿ

ಇಷ್ಟು ಮಾಡಿಯೂ ಸಾಲದಾದರೆ ಬದಲಿಸೋಣ. ಹ್ಯಾಂಡಲ್ ಬಾಗಿದ್ದರಂತೂ ಬದಲಿಸಲೇಬೇಕು. ಬಿದ್ದು ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ಬಡಿದು ನೇರ ಮಾಡಿ ಹಾಕಬೇಡಿ. ಒಳಗೆ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಮುರಿಯುತ್ತದೆ.

ಮೊದಲು ಎರಡು ಹೆಸರು ತಿಳಿದುಕೊಳ್ಳಿ. ಕೈ ಹಿಡಿಯುವ ಅಡ್ಡ ಕೊಳವೆ ಹ್ಯಾಂಡಲ್. ಅದನ್ನು ನಡುವೆ ಕಚ್ಚಿ ಹಿಡಿದು, ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಸೇರಿಸುವ ತುಂಡು ಸ್ಟೆಮ್. ಮೂರು ಜಾಗದ ಅಳತೆ ಬೇಕು: ಸ್ಟೆಮ್ ಹಿಡಿದಿರುವ ಕಡೆ ಹ್ಯಾಂಡಲ್ ಎಷ್ಟು ದಪ್ಪ (ಅಂದರೆ ಕೊಳವೆಯ ವ್ಯಾಸ), ಗ್ರಿಪ್ ಇರುವ ಕಡೆ ಎಷ್ಟು ದಪ್ಪ, ಸ್ಟೆಮ್ ಫೋರ್ಕಿಗೆ ಹೇಗೆ ಸೇರಿದೆ.

ವರ್ನಿಯರ್ ಕ್ಯಾಲಿಪರ್ ಇದ್ದರೆ ನೇರವಾಗಿ ಅಳೆಯಿರಿ. ಇಲ್ಲದವರು ಕಾಗದದ ಪಟ್ಟಿಯನ್ನು ಕೊಳವೆಯ ಸುತ್ತ ಬಿಗಿಯಾಗಿ ಒಂದು ಸುತ್ತು ಸುತ್ತಿ, ತುದಿ ಸೇರುವ ಕಡೆ ಗೆರೆ ಹಾಕಿ. ಬಿಚ್ಚಿ ಸ್ಕೇಲಿನ ಮೇಲಿಟ್ಟು ಸುತ್ತಳತೆ ನೋಡಿ. ಹ್ಯಾಂಡಲ್ಲಿನ ನಡುಭಾಗ ಸುತ್ತಳತೆಯಲ್ಲಿ 80 ಮಿಲಿಮೀಟರ್ ಬಂದರೆ ಅದರ ದಪ್ಪ 25.4. ಹಳೇ ಮಾದರಿಯ ಮತ್ತು ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಇದೇ ಜಾಸ್ತಿ. 100 ಬಂದರೆ 31.8, ಈಗಿನ ಬಹುಪಾಲು ಗೇರ್ ಸೈಕಲ್ಲುಗಳದ್ದು. 110 ಬಂದರೆ 35, ಇದು ಕೆಲವು ಮೌಂಟನ್ ಸೈಕಲ್ಲುಗಳಲ್ಲಿ ಮಾತ್ರ. ಹಳೇ ರೇಸಿಂಗ್ ಸೈಕಲ್ಲುಗಳಲ್ಲಿ 26 ಮಿಲಿಮೀಟರ್ ಕೂಡ ಇತ್ತು. ಅದರ ಸುತ್ತಳತೆ 82ರ ಹತ್ತಿರ ಬರುತ್ತದೆ, 80ರ ಜೊತೆ ಗೊಂದಲವಾಗುವುದು ಸುಲಭ. ಅನುಮಾನ ಬಂದರೆ ಕ್ಯಾಲಿಪರ್ ಇರುವ ಕಡೆ ಒಮ್ಮೆ ಅಳೆಸಿಕೊಳ್ಳಿ.

ನಡುಭಾಗವನ್ನು ಸ್ಟೆಮ್ ಮುಚ್ಚಿರುತ್ತದೆ, ಆದ್ದರಿಂದ ಅದರ ಪಕ್ಕದಲ್ಲೇ ಅಳೆಯಬೇಕು. ಅಲ್ಲೇ ಕೊಳವೆ ಸಣ್ಣದಾಗಲು ಶುರುವಾಗಿದ್ದರೆ ಅಳತೆ ತಪ್ಪುತ್ತದೆ. ಕೆಲವು ಹ್ಯಾಂಡಲ್ ಮತ್ತು ಸ್ಟೆಮ್‌ಗಳ ಮೇಲೆ ಅಳತೆಯನ್ನು ಅಚ್ಚು ಹಾಕಿರುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ.

ಗ್ರಿಪ್ ಕಡೆ ಸುತ್ತಳತೆ 70 ಬಂದರೆ ದಪ್ಪ 22.2. ನೇರ ಹ್ಯಾಂಡಲ್, ಎತ್ತರದ ಹ್ಯಾಂಡಲ್, ಹಿಂದಕ್ಕೆ ಬಾಗಿದ ಹ್ಯಾಂಡಲ್ ಎಲ್ಲಕ್ಕೂ ಬಹುಮಟ್ಟಿಗೆ ಇದೇ ಅಳತೆ. ಹಾಗಾಗಿ ಇವುಗಳ ನಡುವೆ ಲಿವರ್, ಗೇರ್ ಶಿಫ್ಟರ್, ಗ್ರಿಪ್ ಎಲ್ಲವನ್ನೂ ಒಂದರಿಂದ ಒಂದಕ್ಕೆ ಸಾಗಿಸಬಹುದು. ರೇಸಿಂಗ್ ಸೈಕಲ್ಲಿನ ಕೊಂಬಿನಂಥ ಡ್ರಾಪ್ ಹ್ಯಾಂಡಲ್ 23.8 ಮಿಲಿಮೀಟರ್, ಸುತ್ತಳತೆ 75. ನಿಮ್ಮ ಹಳೇ ಲಿವರ್ ಅದಕ್ಕೆ ಕೂರುವುದೇ ಇಲ್ಲ. ಹೊಸ ಲಿವರ್ ಹಾಕಿದರೂ ಮುಗಿಯಲಿಲ್ಲ. ಸಾಮಾನ್ಯ ರೇಸಿಂಗ್ ಲಿವರ್ ವೈರನ್ನು ಎಳೆಯುವಷ್ಟು ಉದ್ದ ವಿ-ಬ್ರೇಕಿಗೆ (ಎರಡು ಉದ್ದ ತೋಳು ರಿಮ್ಮನ್ನು ಅದುಮುವ ಬ್ರೇಕಿಗೆ) ಸಾಲುವುದಿಲ್ಲ, ಗೇರ್ ಶಿಫ್ಟರನ್ನೂ ಬದಲಿಸಬೇಕಾಗುತ್ತದೆ. ಹುಡುಗರು ‘ಅಂಕಲ್, ನನ್ ಸೈಕಲ್ಲಿಗೂ ಆ ಥರದ್ ಹಾಕ್ಬೋದಾ?’ ಅಂತ ಕೇಳಿದಾಗ ಬೇಡ ಅಂತಲೇ ಹೇಳುತ್ತೇನೆ. ಆ ದುಡ್ಡು ಕೂಡಿಟ್ಟರೆ ಒಂದು ಹಳೇ ರೇಸಿಂಗ್ ಸೈಕಲ್ಲಿನ ಕಡೆಗೆ ಅರ್ಧ ದಾರಿ ಹೋದ ಹಾಗೆ.

31.8ರ ಸ್ಟೆಮ್ಮಿಗೆ 25.4ರ ಹ್ಯಾಂಡಲ್ ಹಾಕಲೇಬೇಕು ಅಂದರೆ ಅದಕ್ಕೆಂದೇ ಅಳತೆಯಲ್ಲಿ ಮಾಡಿದ ಅಲ್ಯೂಮಿನಿಯಂ ಬಳೆ ಸಿಗುತ್ತದೆ, ಶಿಮ್ ಅಂತ ಕೇಳಿ. ಅದು ಸರಿ. ತಗಡು, ಡಬ್ಬಿಯ ತುಂಡು, ಹಳೇ ಟ್ಯೂಬಿನ ರಬ್ಬರ್ ಬೇಡ.

ಅಗಲ ನಿಮ್ಮ ಭುಜದಷ್ಟು ಅಥವಾ ಸ್ವಲ್ಪ ಜಾಸ್ತಿ ಇರಲಿ. ಈಗ ಬರುವ ಮೌಂಟನ್ ಸೈಕಲ್ ಹ್ಯಾಂಡಲ್‌ಗಳು ಬಹಳ ಅಗಲ. ದೇವರಾಜ ಮಾರುಕಟ್ಟೆ ಸುತ್ತಮುತ್ತ ಸ್ಕೂಟರು, ತಳ್ಳುಗಾಡಿ ನಡುವೆ ಅವು ಸದಾ ಎಲ್ಲಿಗಾದರೂ ತಾಗುತ್ತವೆ. ಲೋಹದ ಹ್ಯಾಂಡಲ್ ಆದರೆ ಎರಡೂ ತುದಿಯಲ್ಲಿ ಸಮವಾಗಿ ಕತ್ತರಿಸಬಹುದು. ಟೇಪು ಸುತ್ತಿ ಗೆರೆ ಮಾಡಿಕೊಂಡು ಹ್ಯಾಕ್ಸಾದಲ್ಲಿ ಕುಯ್ದು, ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ. ಕುಯ್ಯುವ ಮುಂಚೆ ಲಿವರ್, ಗ್ರಿಪ್ ಎರಡನ್ನೂ ಒಳಕ್ಕೆ ಸರಿಸಿ ಒಂದು ವಾರ ಓಡಿಸಿ ನೋಡಿ. ಕುಯ್ದದ್ದನ್ನು ಮತ್ತೆ ಸೇರಿಸಲಾಗದು ಅಲ್ವಾ.

ನಿಮ್ಮ ಸ್ಟೆಮ್ ಯಾವ ಜಾತಿ?

ಫೋರ್ಕಿನ ತಲೆಯ ಮೇಲಿಂದ ನೋಡಿ. ತೆಳ್ಳನೆಯ ಒಂದು ದಂಡ ಫೋರ್ಕಿನ ಕೊಳವೆ ಒಳಗೆ ಇಳಿದಿದ್ದು, ಅದರ ನೆತ್ತಿಯಲ್ಲಿ ಒಂದು ಬೋಲ್ಟ್ ಇದ್ದರೆ ಅದು ಕ್ವಿಲ್ ಸ್ಟೆಮ್. ಹಳೇ ಸೈಕಲ್ಲು, ಶಾಲೆ ಸೈಕಲ್ಲು, ಲೇಡೀಸ್ ಸೈಕಲ್ಲು ಬಹುಪಾಲು ಇದೇ. ಸ್ಟೆಮ್ ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಅಪ್ಪಿಕೊಂಡಿದ್ದು, ಹಿಂಬದಿಯ ಪಕ್ಕದಲ್ಲಿ ಎರಡು ಬೋಲ್ಟ್, ಮೇಲೆ ಒಂದು ಮುಚ್ಚಳ ಇದ್ದರೆ ಅದು ಥ್ರೆಡ್‌ಲೆಸ್. ಮೂರನೆಯದು ನಮ್ಮ ತಾತಂದಿರ ಕಪ್ಪು ಸೈಕಲ್. ಅದರಲ್ಲಿ ಹ್ಯಾಂಡಲ್ಲೂ ಸ್ಟೆಮ್ಮೂ ಬೆಸೆದ ಒಂದೇ ತುಂಡು, ಬ್ರೇಕಿಗೆ ವೈರ್ ಬದಲು ಕಬ್ಬಿಣದ ಕಡ್ಡಿ.

ಕ್ವಿಲ್ ಕೆಲಸ ಮಾಡುವ ಬಗೆ ತಿಳಿದರೆ ಹೆದರಿಕೆ ಹೋಗುತ್ತದೆ. ದಂಡದ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಒಂದು ಬೆಣೆ ಇರುತ್ತದೆ. ಮೇಲಿನ ಉದ್ದ ಬೋಲ್ಟ್ ತಿರುಗಿಸಿದಾಗ ಆ ಬೆಣೆ ಮೇಲಕ್ಕೆ ಎಳೆದುಕೊಂಡು, ಓರೆಗೆ ಜಾರಿ, ಫೋರ್ಕಿನ ಒಳಗೋಡೆಗೆ ಒತ್ತುತ್ತದೆ. ಆದ್ದರಿಂದ ಬೋಲ್ಟ್ ಸಡಿಲಿಸಿದ ಮಾತ್ರಕ್ಕೆ ಸ್ಟೆಮ್ ಬಿಡುವುದಿಲ್ಲ, ಬೆಣೆ ಕಚ್ಚಿಕೊಂಡೇ ಇರುತ್ತದೆ. ಬೋಲ್ಟನ್ನು ಮೂರು ನಾಲ್ಕು ಸುತ್ತು ಮಾತ್ರ ಬಿಚ್ಚಿ, ಪೂರ್ತಿ ಬೇಡ. ಈಗ ಬೋಲ್ಟಿನ ತಲೆ ಸ್ವಲ್ಪ ಮೇಲೆದ್ದಿರುತ್ತದೆ. ಅದರ ಮೇಲೆ ಒಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಡಿ. ಟಕ್ ಅಂತ ಬೆಣೆ ಕೆಳಗೆ ಇಳಿಯುತ್ತದೆ. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ಮೇಲಕ್ಕೆ ಎಳೆಯಿರಿ.

ಬರದಿದ್ದರೆ ತುಕ್ಕು ಹಿಡಿದಿದೆ ಅಂತ ಅರ್ಥ. ಮಳೆಯಲ್ಲಿ ನಿಂತ ಸೈಕಲ್ಲುಗಳಲ್ಲಿ ಇದು ಮಾಮೂಲು. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ, ಬೆಳಿಗ್ಗೆ ಮತ್ತೆ ಮರ ಇಟ್ಟು ತಟ್ಟಿ. ಎರಡು ಮೂರು ದಿನ ಹಿಡಿದರೂ ಸರಿ. ಪೈಪ್ ಸಿಕ್ಕಿಸಿ ಜೋರಾಗಿ ತಿರುಚಿದರೆ ಫೋರ್ಕೇ ಹಾಳಾಗುತ್ತದೆ.

ಸ್ಟೆಮ್ ಹೊರಬಂದಾಗ ದಂಡದ ಮೇಲೆ ಒಂದು ಗೆರೆ ಕಾಣಿಸುತ್ತದೆ. ಆ ಗೆರೆ ಯಾವಾಗಲೂ ಫೋರ್ಕಿನ ಒಳಗೇ ಇರಬೇಕು, ಅದು ಹೊರಗೆ ಕಾಣುವಷ್ಟು ಎತ್ತುವಂತಿಲ್ಲ. ಎತ್ತರ ಸಾಲದು ಅಂತ ಇದನ್ನು ಮೀರಿದರೆ ಸ್ಟೆಮ್ ಮುರಿಯಬಹುದು, ಫೋರ್ಕಿನ ಕತ್ತೂ ಸೀಳಬಹುದು. ಉದ್ದ ದಂಡದ ಕ್ವಿಲ್ ಬೇರೆ ಸಿಗುತ್ತದೆ, ಅದನ್ನು ತನ್ನಿ. ಕೊಳ್ಳುವ ಮುಂಚೆ ದಂಡದ ಸುತ್ತಳತೆಯನ್ನೂ ಅದೇ ಪಟ್ಟಿಯಲ್ಲಿ ನೋಡಿ: 70 ಬಂದರೆ 22.2, 80 ಬಂದರೆ 25.4. ಹಳೇ ಗ್ರೀಸು, ತುಕ್ಕು ಒರೆಸಿ, ಒಳಗೆ ಹೋಗುವ ಭಾಗಕ್ಕೆ ಹೊಸ ಗ್ರೀಸ್ ತೆಳ್ಳಗೆ ಸವರಿ ಇಳಿಸಿ. ಈ ಗ್ರೀಸ್ ಮರೆತರೆ ಮುಂದಿನ ಸಲ ಮತ್ತೆ ಮೂರು ದಿನದ ಕೆಲಸ.

ಪಾಂಡವಪುರದ ಕಡೆ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಸೈಕಲ್ಲು ಆ ಕಪ್ಪು ಜಾತಿಯದು. ಎರಡು ಹೊತ್ತೂ ಹಾಲಿನ ಕ್ಯಾನು ಹ್ಯಾಂಡಲ್ಲಿನ ಬಲಗಡೆ ನೇತುಹಾಕಿಕೊಂಡು ಡೈರಿಗೆ ಹೋಗುತ್ತಾರೆ. ‘ಹ್ಯಾಂಡ್ಲು ಒಂದ್ ಕಡೀಕೆ ತಿರಿಕ್ಕತದೆ ಕಣ್ಲಾ ಮಗ, ಚಕ್ರ ಇನ್ನೊಂದ್ ಕಡೀಕೆ’ ಅಂದರು. ದಿನವೂ ಒಂದೇ ಕಡೆ ಭಾರ ಬಿದ್ದು ಬೆಣೆ ಸಡಿಲವಾಗಿತ್ತು. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಬಿಗಿ ಮಾಡಿದೆವು. ಒಂದು ಸೆಂಟಿಮೀಟರ್ ಎತ್ತರಿಸಿದ್ದೂ ಆಯ್ತು. ಆಗ ಹಿಂದೆ ಮುಂದೆ ಎರಡೂ ಬ್ರೇಕ್ ರಿಮ್ಮಿಗೆ ಕಚ್ಚಿಕೊಂಡವು. ಕಡ್ಡಿ ಬ್ರೇಕಿನಲ್ಲಿ ಹ್ಯಾಂಡಲ್ ಮೇಲೆದ್ದರೆ ಕಡ್ಡಿಯೂ ಮೇಲೆ ಎಳೆಯುತ್ತದೆ. ಕಡ್ಡಿಗಳನ್ನು ಜೋಡಿಸಿರುವ ಪುಟ್ಟ ಬೋಲ್ಟ್ ಸಡಿಲಿಸಿ, ಅಷ್ಟೇ ಉದ್ದ ಬಿಟ್ಟು, ಬ್ರೇಕ್ ರಬ್ಬರ್ ರಿಮ್ಮಿನಿಂದ ಸ್ವಲ್ಪ ದೂರ ನಿಲ್ಲುವ ಹಾಗೆ ಬಿಗಿ ಮಾಡಬೇಕು. ‘ಕ್ಯಾನು ಹಿಂದಿನ ಕ್ಯಾರಿಯರ್‌ಗೆ ಕಟ್ಟಿ ಮಾವ, ಹ್ಯಾಂಡಲ್ಲಿಗೆ ಬೇಡ’ ಅಂತ ಹೇಳಿ ಬಂದಿದ್ದೇನೆ. ಮದ್ದೂರಿನ ಕಡೆ ಎಳನೀರು ಗೊಂಚಲನ್ನು ಹೀಗೇ ನೇತುಹಾಕಿಕೊಂಡು ಹೋಗುವವರಿಗೂ ಇದೇ ಮಾತು. ಕಟ್ಟಲೇಬೇಕು ಅಂದರೆ ಎರಡೂ ಕಡೆ ಸಮ ಭಾರ ಇರಲಿ, ತಿಂಗಳಿಗೊಮ್ಮೆ ಬೋಲ್ಟ್ ನೋಡಿಕೊಳ್ಳಿ.

ಥ್ರೆಡ್‌ಲೆಸ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಮೇಲಿನ ಮುಚ್ಚಳದ ಬೋಲ್ಟ್ ಸ್ಟೆಮ್ಮನ್ನು ಹಿಡಿದಿಟ್ಟಿದೆ ಅಂದುಕೊಳ್ಳುತ್ತಾರೆ. ಅದರ ಕೆಲಸ ಅದಲ್ಲ. ಕತ್ತಿನ ಬೇರಿಂಗ್‌ಗಳ ನಡುವಿನ ಸಡಿಲ ತೆಗೆಯುವುದಷ್ಟೇ ಅದರ ಕೆಲಸ. ಸ್ಟೆಮ್ಮನ್ನು ಹಿಡಿಯುವುದು ಪಕ್ಕದ ಎರಡು ಬೋಲ್ಟ್. ಎತ್ತರ ಬದಲಿಸಲು ಮುಚ್ಚಳ ತೆಗೆದು, ಪಕ್ಕದ ಬೋಲ್ಟ್ ಸಡಿಲಿಸಿ, ಸ್ಟೆಮ್ ಎತ್ತಿ, ಅದರ ಕೆಳಗಿನ ಬಳೆಗಳನ್ನು ಮೇಲಕ್ಕೋ ಕೆಳಕ್ಕೋ ಹಾಕಬೇಕು. ಸ್ಟೆಮ್ ತೆಗೆದಾಗ ಫೋರ್ಕ್ ಕೆಳಗೆ ಜಾರಿಬಿಡುತ್ತದೆ, ಒಂದು ಕೈ ಅದರ ಮೇಲಿರಲಿ. ಇದ್ದ ಬಳೆಗಳನ್ನು ಎಲ್ಲವನ್ನೂ ವಾಪಸ್ ಹಾಕಿ. ಫೋರ್ಕಿನ ಕೊಳವೆ ತುದಿ ಸ್ಟೆಮ್ಮಿನ (ಅದರ ಮೇಲೆ ಬಳೆ ಇದ್ದರೆ ಆ ಬಳೆಯ) ಮೇಲಂಚಿಗಿಂತ ಸುಮಾರು 3 ಮಿಲಿಮೀಟರ್ ಕೆಳಗಿರಬೇಕು, ಇಲ್ಲದಿದ್ದರೆ ಮುಚ್ಚಳ ಕೊಳವೆಗೆ ತಾಗಿ ಸಡಿಲ ಹೋಗುವುದೇ ಇಲ್ಲ.

ಬಿಗಿ ಮಾಡುವ ಕ್ರಮ ಹೀಗೆ. ಮೊದಲು ಮುಚ್ಚಳದ ಬೋಲ್ಟನ್ನು ನಿಧಾನವಾಗಿ, ಸಡಿಲ ಹೋಗುವಷ್ಟು ಮಾತ್ರ. ಆಮೇಲೆ ಸ್ಟೆಮ್ಮನ್ನು ಚಕ್ರದ ನೇರಕ್ಕೆ ತನ್ನಿ. ಕೊನೆಗೆ ಪಕ್ಕದ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ. ಪಕ್ಕದವು ಬಿಗಿ ಇರುವಾಗ ಮುಚ್ಚಳದ ಬೋಲ್ಟ್ ತಿರುಗಿಸಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಬಹಳ ಥ್ರೆಡ್‌ಲೆಸ್ ಸ್ಟೆಮ್‌ಗಳು ಸ್ವಲ್ಪ ಓರೆ ಇರುತ್ತವೆ. ಕೆಳಮುಖವಾಗಿ ಹಾಕಿದ್ದನ್ನು ತಲೆಕೆಳಗು ಮಾಡಿ ಹಾಕಿದರೆ ಒಂದು ರೂಪಾಯಿ ಖರ್ಚಿಲ್ಲದೆ ಹ್ಯಾಂಡಲ್ ಎರಡು ಮೂರು ಸೆಂಟಿಮೀಟರ್ ಮೇಲೆ ಬರುತ್ತದೆ. ಹೊಸ ಹ್ಯಾಂಡಲ್ ಕೊಳ್ಳುವ ಯೋಚನೆ ಎಷ್ಟೋ ಜನರಿಗೆ ಇಲ್ಲೇ ಮುಗಿಯುತ್ತದೆ.

ಬದಲಿಸುವ ದಿನ

ಬಿಚ್ಚುವ ಮುಂಚೆ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರ್ ಯಾವುದರ ಮುಂದೆ ಹೋಗಿದೆ, ಯಾವ ಕೈಗೆ ಯಾವ ಬ್ರೇಕ್ ಇದೆ, ಎಲ್ಲ ಕಾಣಲಿ. ಬ್ರೇಕನ್ನು ಹಿಂದು ಮುಂದು ಮಾಡಬೇಡಿ. ಗಾಬರಿಯಾದಾಗ ಕೈ ಹಳೇ ಅಭ್ಯಾಸದ ಬ್ರೇಕನ್ನೇ ಹಿಡಿಯುತ್ತದೆ.

ಗ್ರಿಪ್ ತೆಗೆಯುವುದೇ ಬೇಸರದ ಕೆಲಸ. ಬೋಲ್ಟ್ ಇರುವ ಗ್ರಿಪ್ ಆದರೆ ಸುಲಭ, ಬಿಚ್ಚಿ ಎಳೆಯಿರಿ. ಬರಿ ರಬ್ಬರ್ ಗ್ರಿಪ್ ಆದರೆ ಒಂದು ತೆಳ್ಳನೆ ಮೊಂಡು ಕಡ್ಡಿಯನ್ನು ಕೆಳಗೆ ತೂರಿಸಿ, ಸಂದಿಯಲ್ಲಿ ಸೋಪಿನ ನೀರು ಬಿಟ್ಟು, ತಿರುಚುತ್ತ ಎಳೆಯಿರಿ. ಹಾಕುವಾಗ ಸೋಪು ಬೇಡ, ಅದರ ಜಾರು ಹೋಗುವುದೇ ಇಲ್ಲ. ಎಣ್ಣೆ, ಗ್ರೀಸ್ ಅಂತೂ ಬೇಡವೇ ಬೇಡ. ಗ್ರಿಪ್ ಒಳಗೆ ಸ್ವಲ್ಪ ಹ್ಯಾಂಡ್ ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಸವರಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಆಮೇಲೆ ಆರಿ ಗಟ್ಟಿಯಾಗಿ ಕೂರುತ್ತದೆ. ಒಂದು ರಾತ್ರಿ ಬಿಟ್ಟು ಓಡಿಸಿ.

ಗ್ರಿಪ್, ಬೆಲ್ಲು, ಶಿಫ್ಟರ್, ಲಿವರ್ ಕ್ರಮವಾಗಿ ಜಾರಿಸಿ ತೆಗೆದಾದ ಮೇಲೆ ಸ್ಟೆಮ್ಮಿನ ಮುಂದಿನ ಮುಚ್ಚಳದ ಬೋಲ್ಟ್ ಬಿಚ್ಚಿ. ನಾಲ್ಕು ಬೋಲ್ಟಿನ ಮುಚ್ಚಳ ಆದರೆ ಹ್ಯಾಂಡಲ್ ತಾನೇ ಕೈಗೆ ಬರುತ್ತದೆ. ಹಳೇ ಸ್ಟೆಮ್‌ಗಳಲ್ಲಿ ಒಂದೇ ಬೋಲ್ಟ್ ಇದ್ದು ಮುಚ್ಚಳ ತೆರೆಯುವುದಿಲ್ಲ. ಆಗ ಹ್ಯಾಂಡಲ್ಲಿನ ಒಂದು ತುದಿಯನ್ನು ತೂತಿನ ಮೂಲಕ ತಿರುಗಿಸುತ್ತ ಹೊರತೆಗೆಯಬೇಕು. ಹೊಸದು ಜಾಸ್ತಿ ಬಾಗಿದ್ದರೆ ಆ ತೂತಿನಲ್ಲಿ ತೂರುವುದೇ ಇಲ್ಲ, ಕೊಳ್ಳುವಾಗಲೇ ಇದು ನೆನಪಿರಲಿ.

ಹೊಸ ಹ್ಯಾಂಡಲ್ಲಿನ ನಡುಭಾಗ, ಸ್ಟೆಮ್ಮಿನ ಒಳಭಾಗ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಗ್ರೀಸ್ ಬೇಡ, ಬೋಲ್ಟಿನ ಮರೆಗಳಿಗೆ (ತಿರುಪಿನ ಗೆರೆಗಳಿಗೆ) ಮಾತ್ರ ಒಂದು ಚೂರು. ಹ್ಯಾಂಡಲ್ ನಡುವೆ ಗೆರೆಗಳಿರುತ್ತವೆ, ಎರಡೂ ಬದಿ ಸಮ ಕಾಣುವ ಹಾಗೆ ಕೂರಿಸಿ. ನಾಲ್ಕು ಬೋಲ್ಟುಗಳನ್ನು ಬೆರಳಲ್ಲಿ ಹಿಡಿಸಿ, ಆಮೇಲೆ ಎದುರುಬದುರು ಮೂಲೆಯಂತೆ ಕತ್ತರಿ ಕ್ರಮದಲ್ಲಿ, ಒಂದೊಂದು ಸಲಕ್ಕೆ ಕಾಲು ಸುತ್ತು ಬಿಗಿ ಮಾಡಿ. ಮುಚ್ಚಳದ ಮೇಲಿನ ಸಂದಿ, ಕೆಳಗಿನ ಸಂದಿ ಎರಡೂ ಸಮ ಇರಬೇಕು. ಒಂದು ಬದಿ ಪೂರ್ತಿ ಮುಚ್ಚಿ ಇನ್ನೊಂದು ಬದಿ ಬಾಯಿ ಬಿಟ್ಟಿದ್ದರೆ ಸಡಿಲಿಸಿ ಮತ್ತೆ ಶುರು ಮಾಡಿ.

ಎಷ್ಟು ಬಿಗಿ? ಸ್ಟೆಮ್ ಮೇಲೆ ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ. ಬಿಗಿಯ ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರ್ ಇಲ್ಲದವರಿಗೆ ಒಂದು ಅಂದಾಜು: 10 ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಗೆ 5 ಕೆಜಿ ಅಕ್ಕಿ ಚೀಲ ನೇತುಹಾಕಿದರೆ ಬೀಳುವ ಬಲ ಸುಮಾರು 5 ನ್ಯೂಟನ್ ಮೀಟರ್. ಮೈಯೆಲ್ಲ ಬಲ ಹಾಕಿ ತಿರುಗಿಸುವಂಥದ್ದಲ್ಲ ಅದು. ಮಂಡ್ಯದ ಪೇಟೆ ಬೀದಿ ಕಡೆ ಸೈಕಲ್ ರಿಪೇರಿ ಮಾಡುವ ಒಬ್ಬ ಹಿರಿಯರು ಇದನ್ನೇ ಹೇಳುತ್ತಿದ್ದರು: ‘ಬೋಲ್ಟ್ ಕಿರ್ ಅನ್ನೋಕ್ ಮುಂಚೆ ನಿಲ್ಸಿ ಸಾ. ಮರೆ ಹೋದ್ರೆ ಸ್ಟೆಮ್ಮೇ ಹೋಯ್ತದೆ.’ ಕಾರ್ಬನ್ ಹ್ಯಾಂಡಲ್, ಕಾರ್ಬನ್ ಫೋರ್ಕ್ ಇದ್ದರೆ ಮಾತ್ರ ಅಂದಾಜಿಗೆ ಹೋಗಬೇಡಿ, ಟಾರ್ಕ್ ಸ್ಪ್ಯಾನರ್ ಇರುವವರ ಹತ್ತಿರವೇ ಮಾಡಿಸಿ. ಎಣ್ಣೆಯ ಡಿಸ್ಕ್ ಬ್ರೇಕಿನ ಪೈಪ್ ಉದ್ದ ಬದಲಿಸಬೇಕಾದಾಗಲೂ ಅಷ್ಟೇ.

ಚಕ್ರಕ್ಕೆ ನೇರ ಮಾಡಲು ಸ್ಟೆಮ್ಮನ್ನು ಟೈರಿಗೆ ಹೋಲಿಸುವುದಕ್ಕಿಂತ, ಮೇಲಿಂದ ನೋಡುತ್ತ ಹ್ಯಾಂಡಲ್ಲನ್ನು ಮುಂದಿನ ಚಕ್ರದ ಅಚ್ಚಿಗೆ ಹೋಲಿಸಿ. ಎರಡೂ ಅಡ್ಡ ಗೆರೆಗಳು ಸಮಾನಾಂತರವಾಗಿದ್ದರೆ ಸರಿ. ಸಣ್ಣ ವಾರೆಯೂ ಇದರಲ್ಲಿ ಗೊತ್ತಾಗುತ್ತದೆ.

ಈಗ ವೈರ್. ಹ್ಯಾಂಡಲ್ ಎತ್ತರವಾದರೆ, ಅಗಲವಾದರೆ ಹಳೇ ವೈರ್ ಸಾಲದಿರಬಹುದು. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಯಾವ ಔಟರ್ (ವೈರಿನ ಹೊರಕವಚ) ಕೂಡ ಬಿಗಿದು ಎಳೆಯಬಾರದು. ತಿರುಗಿಸುವಾಗ ಬ್ರೇಕ್ ತಾನಾಗಿ ಹಿಡಿದುಕೊಂಡರೆ, ಗೇರ್ ತಾನಾಗಿ ಬದಲಾದರೆ ವೈರ್ ಗಿಡ್ಡ ಅಂತ ಅರ್ಥ. ಒಳವೈರ್, ಔಟರ್ ಎರಡೂ ಹೊಸದು ಹಾಕಿ. ಇದರಲ್ಲಿ ಉಳಿತಾಯ ಮಾಡಬೇಡಿ, ಇದು ಬ್ರೇಕಿನ ವಿಷಯ. ಜಾಸ್ತಿ ಉದ್ದ ಬಿಟ್ಟರೂ ಸುರುಳಿಯಾಗಿ ಬಾಗಿ ಬ್ರೇಕ್ ಭಾರವಾಗುತ್ತದೆ. ಕತ್ತರಿಸಿದ ವೈರಿನ ತುದಿಗೆ ಟೋಪಿ ಹಾಕಲು ಮರೆಯಬೇಡಿ, ಬಿಚ್ಚಿಕೊಂಡ ಎಳೆ ಬೆರಳಿಗೆ ಸೂಜಿಯಂತೆ ಚುಚ್ಚುತ್ತದೆ.

ಹ್ಯಾಂಡಲ್ಲಿನ ಎರಡೂ ತುದಿಗೆ ಬಿರಡೆ ಇರಲೇಬೇಕು. ಬಿರಡೆ ಇಲ್ಲದ ಕೊಳವೆಯ ಅಂಚು ಬಿದ್ದಾಗ ಹೊಟ್ಟೆಗೋ ತೊಡೆಗೋ ವೃತ್ತಾಕಾರದ ಚಾಕುವಿನಂತೆ ಇಳಿಯುತ್ತದೆ. ಮಕ್ಕಳ ಸೈಕಲ್ಲಿನಲ್ಲಿ ಗ್ರಿಪ್ ತುದಿ ತೂತಾಗಿ ಕೊಳವೆ ಹೊರಗೆ ಇಣುಕುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇವತ್ತೇ ಹೋಗಿ ನಿಮ್ಮ ಮಗುವಿನ ಸೈಕಲ್ ನೋಡಿ. ಬೇರೆ ಏನನ್ನೂ ಬದಲಿಸದಿದ್ದರೂ ಆ ಗ್ರಿಪ್ ಬದಲಿಸಿ.

ರಸ್ತೆಗೆ ಇಳಿಸುವ ಮುಂಚೆ

ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಗಟ್ಟಿಯಾಗಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಜರುಗಬಾರದು. ಎರಡೂ ಗ್ರಿಪ್ ಮೇಲೆ ನಿಮ್ಮ ಭಾರ ಹಾಕಿ ಕೆಳಕ್ಕೆ ಒತ್ತಿ. ಹ್ಯಾಂಡಲ್ ಉರುಳಬಾರದು. ನನ್ನದು ಅವತ್ತು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು, ನಾನು ಮಾಡಲಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೆ ಮುಂದಕ್ಕೆ ಅಲುಗಿಸಿ. ಕತ್ತಿನಲ್ಲಿ ಟಕ್ ಟಕ್ ಅಂದರೆ ಬೇರಿಂಗ್ ಸಡಿಲ. ಮುಂದಿನ ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ಹಗುರವಾಗಿ ವಾಲಬೇಕು. ಅಲ್ಲಲ್ಲಿ ಸಿಕ್ಕಿಕೊಂಡರೆ ಮೇಲಿನ ಮುಚ್ಚಳ ಜಾಸ್ತಿ ಬಿಗಿಯಾಗಿದೆ.

ಮೊದಲ ಸವಾರಿ ಮನೆ ಮುಂದಿನ ರಸ್ತೆಯಲ್ಲಿ, ನಿಧಾನವಾಗಿ, ಎರಡೂ ಬ್ರೇಕ್ ಹಿಡಿದು ಬಿಟ್ಟು ನೋಡುತ್ತ ಆಗಲಿ. ಹೊಸ ಹ್ಯಾಂಡಲ್ ಹಾಕಿದ ಉತ್ಸಾಹಕ್ಕೆ ಚಾಮುಂಡಿ ಬೆಟ್ಟ ಹತ್ತುವ ಆಸೆ ಬರುತ್ತದೆ. ಹತ್ತುವುದು ಸರಿ, ಆದರೆ ಅಲ್ಲಿಂದ ಇಳಿಯುವಾಗ ದೇಹದ ಭಾರವೆಲ್ಲ ಹ್ಯಾಂಡಲ್ ಮತ್ತು ಬ್ರೇಕ್ ಮೇಲೆ ಬೀಳುತ್ತದೆ. ಒಂದು ವಾರ ಊರೊಳಗೆ ಓಡಿಸಿ. ಹೊಸ ವೈರ್ ಸ್ವಲ್ಪ ಹಿಗ್ಗಿ ಬ್ರೇಕ್ ಸಡಿಲವಾಗಿರುತ್ತದೆ, ಲಿವರಿನ ಬಳಿ ಇರುವ ತಿರುಗಣೆ ಬಿಚ್ಚುತ್ತ ಅದನ್ನು ಸರಿ ಮಾಡಿ. ಎಲ್ಲ ಬೋಲ್ಟುಗಳಿಗೂ ಇನ್ನೊಂದು ಸಲ ಅಲೆನ್ ಕೀ ಹಾಕಿ ನೋಡಿ. ಆಮೇಲೆ ಬೆಟ್ಟಕ್ಕೆ ಹೋಗಿ.